ಕೊಟ್ಟವರಿಗೂ ಕಾಯ್ದವರಿಗೂ ನಮಸ್ಕಾರ

ಸಾಗರ ತಾಲ್ಲೂಕಿನ ನಮ್ಮೂರ ಪುಟ್ಟ ಇತಿಹಾಸ ಸಂಗ್ರಹಾಲಯದಲ್ಲಿ ಕಳೆದ ಭಾನುವಾರ ಬೇಸಿಗೆಯ ಪ್ರದರ್ಶನ ಮುಗಿಯಿತು. ಕಾಲಕ್ಕೊಂದು ಪ್ರದರ್ಶನ ಮಾಡೋಣವೆಂದು ಹೋದ ಮಳೆಗಾಲದಲ್ಲಿ ಹೊರಟ ನಾವು ಹೀಗೆ ವರ್ಷದ ಸುತ್ತನ್ನು ಪೂರೈಸಿದೆವು. ಸಂಬಳದ ನೌಕರರು ಒಬ್ಬರೂ ಇಲ್ಲದ, ತೋಟ, ಶಾಲೆ, ಅಂಗಡಿಗಳ ಕೆಲಸ ಮುಗಿಸಿ ಬರುವ ಹನ್ನೊಂದು ಮಂದಿ ಸರದಿಯ ಮೇಲೆ ಬಾಗಿಲು ತೆರೆಯುವ ಈ ಜಾಗ ಇಂದಿಗೂ ತೆರೆದಿದೆಯೆಂದರೆ ಅದಕ್ಕೆ ಕಾರಣರಾದವರು ಬಹಳ ಜನ. ಅವರಿಗೆ ಬಹಿರಂಗವಾಗಿ ಕೃತಜ್ಞತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರದರ್ಶನ ಮಳೆಗಾಲದ ಬದುಕಿನದಾಗಿತ್ತು. ಮಳೆಗೆ ಹೊದೆಯುವ ಕಂಬಳಿ ಕೊಪ್ಪೆ, ಗೊರಬು, ಮನೆಮನೆಯ ಹಳೆಯ ಕಡತಗಳು, ಅಂದರೆ ಲೆಕ್ಕ ಬರೆದಿಡುವ ಮಡಿಕೆ ಬಟ್ಟೆಯ ಪುಸ್ತಕಗಳು, ಅದರಲ್ಲಿದ್ದವು. ತೆರೆದ ಎಂಟನೆಯ ರಾತ್ರಿ ಆಷಾಢದ ಗಾಳಿಗೆ ಹೆಂಚು ಜಾರಿ, ಕಡತಗಳಿದ್ದ ಹಲಗೆಯ ಮೇಲೆಯೇ ನೀರು ಸುರಿಯಿತು. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಅಳಿಸಿಹೋಗುತ್ತದೆ. ಇನ್ನು ರಾತ್ರಿಯಿಡೀ ಬಿದ್ದ ನೀರಿನ ಮಾತೇನು! ಒಂದು ಮನೆತನದ ಕಡತದಲ್ಲಿ ಎರಡು ಮಡಿಕೆಗಳ ಬರಹ ಪೂರ್ತಿ ಹೋಯಿತು. ಮಳೆಗೆ ಮುಂಚೆ ಹೆಂಚು ಸರಿಪಡಿಸದಿದ್ದುದು ನಮ್ಮದೇ ತಪ್ಪು. ತಲೆ ತಗ್ಗಿಸಿಕೊಂಡು ಹೇಳಲು ಹೋದಾಗ ಆ ಮನೆಯ ಹಿರಿಯಮ್ಮ, "ಹೋದದ್ದು ಹೋಯ್ತು, ಉಳಿದದ್ದನ್ನಾದರೂ ಓದಿ ಬರೆದಿಟ್ಟುಕೊಳ್ಳಿ" ಎಂದರು. ಆ ಮಾತಿನಿಂದಲೇ ನಮ್ಮ ಅತಿ ಮುಖ್ಯ ಕೆಲಸ ಶುರುವಾಯಿತು. ಅಕ್ಷರಗಳನ್ನು ಕೂಡಿಸಿ ಬರೆಯುವ ಹಳೆಯ ಮೋಡಿ ಬರಹ ಬಲ್ಲ, ಶಾನುಭೋಗರ ಮನೆತನದ ಹಿರಿಯರೊಬ್ಬರು ನಾಲ್ಕು ತಿಂಗಳು ಪ್ರತಿ ಸಂಜೆ ಬಂದು ಓದಿದರು. ಪ್ರೌಢಶಾಲೆಯ ಮಕ್ಕಳು ಬರೆದುಕೊಂಡರು. ಅಂದು ರಾತ್ರಿ ಟಾರ್ಚ್ ಹಿಡಿದು ಬಂದು, ನೆನೆದ ವಸ್ತುಗಳನ್ನೆಲ್ಲ ಹೊತ್ತೊಯ್ದು, ತಮ್ಮ ಅಡಿಕೆ ಒಣಗಿಸುವ ಅಟ್ಟದ ಮೇಲೆ ಜಾಗ ಮಾಡಿಕೊಟ್ಟ ಮೂರು ಮನೆಯವರ ಋಣ ತೀರಿಸುವಂಥದ್ದಲ್ಲ.

ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯ ಪ್ರದರ್ಶನಕ್ಕೆ ದೀವರ ಸಮುದಾಯದ ಮನೆಗಳ ಅಕ್ಕಂದಿರು, ಗದ್ದೆಯ ಪೂಜೆ ಮುಗಿದ ಮರುದಿನವೇ, ಆ ಪೂಜೆಗೆ ಒಯ್ಯುವ ಚಿತ್ತಾರದ ಭೂಮಣ್ಣಿ ಬುಟ್ಟಿಗಳನ್ನು ತಂದುಕೊಟ್ಟರು. ಅವರಲ್ಲಿ ಇಬ್ಬರು ಜಗಲಿಯಲ್ಲಿ ಕುಳಿತು, ಕೆಮ್ಮಣ್ಣು ಬಳಿದ ಹೊಸ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಲ್ಲಿ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆದು ತೋರಿಸಿದರು. ಅಳತೆಗೋಲಿಲ್ಲದೆ ಎಳೆದ ಆ ಗೆರೆಗಳು ಎಲ್ಲಿಯೂ ಡೊಂಕಾಗಲಿಲ್ಲ. ಗಾಜಿನ ಹಿಂದೆ ಇಟ್ಟ ಬುಟ್ಟಿಗಿಂತ ಬರೆಯುವ ಕೈಯನ್ನು ನೋಡುವುದೇ ದೊಡ್ಡ ಪಾಠವೆಂದು ನನಗೆ ಅನ್ನಿಸಿತು.

ಸುಗ್ಗಿಯ ಪ್ರದರ್ಶನದಲ್ಲಿ ಧಾನ್ಯ ಅಳೆಯುವ ಕೊಳಗ, ಸೇರು, ಪಾವುಗಳನ್ನು ಸಾಲಾಗಿ ಇಟ್ಟಿದ್ದೆವು. ಗದ್ದೆ ಉಳುವವರು ಒಡೆಯರಿಗೆ ಕೊಡುತ್ತಿದ್ದ ಭತ್ತದ ಪಾಲನ್ನು, ಅಂದರೆ ಗೇಣಿಯನ್ನು, ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಹೊತ್ತಿಕೊಂಡದ್ದೇ 1951ರ ಕಾಗೋಡು ಸತ್ಯಾಗ್ರಹ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಆ ಚಳವಳಿಯನ್ನು ಹೆಸರಿನಿಂದ ಮಾತ್ರ ಬಲ್ಲ ಮಕ್ಕಳು, ಎರಡು ಕೊಳಗಗಳಿಗೆ ಭತ್ತ ತುಂಬಿ, ಒಂದರಿಂದ ಇನ್ನೊಂದಕ್ಕೆ ಸುರಿದು, ಮಿಕ್ಕಿ ಚೆಲ್ಲಿದ ಭತ್ತವನ್ನು ಕಣ್ಣಾರೆ ಕಂಡರು. ಹಿಂದೆ ಒಡೆಯರಾಗಿದ್ದ ಮನೆಯವರೂ ಗೇಣಿದಾರರಾಗಿದ್ದ ಮನೆಯವರೂ ತಮ್ಮ ತಮ್ಮ ಕೊಳಗಗಳನ್ನು ಒಂದೇ ಮೇಜಿನ ಮೇಲಿಡಲು ಒಪ್ಪಿದರು. ಅದು ಸಣ್ಣ ಮನಸ್ಸಿನಿಂದ ಆಗುವ ಕೆಲಸವಲ್ಲ, ಇಬ್ಬರಿಗೂ ಕೈಮುಗಿಯುತ್ತೇನೆ.

ಬೇಸಿಗೆಯದು ಶರಾವತಿ ಹಿನ್ನೀರಿನ ಪ್ರದರ್ಶನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ದೂರದಿಂದ ಬಂದರು. ಮುಳುಗಿದ ಮನೆಯ ಬಾಗಿಲಿನ ಬೀಗದ ಕೈಯೊಂದನ್ನು, ಇಷ್ಟು ವರ್ಷ ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದವರು ನಮ್ಮನ್ನು ನಂಬಿ ಕೊಟ್ಟರು. ಗೇಣುದ್ದದ, ಹಿಡಿ ಸವೆದ ಆ ಕಬ್ಬಿಣದ ಮುಂದೆ ಜನ ಮಾತಿಲ್ಲದೆ ನಿಲ್ಲುತ್ತಿದ್ದರು.

ಹೆಂಚುಗಳನ್ನು ಉಚಿತವಾಗಿ ಕೊಟ್ಟವರಿಗೆ, ಕೂಲಿ ಪಡೆಯದೆ ಮಾಡು ಸರಿಪಡಿಸಿದ ಬಡಗಿಗಳಿಗೆ, ಕಷಾಯ, ಅವಲಕ್ಕಿ ಕಳಿಸಿದ ಮನೆಗಳಿಗೆ ನಮ್ಮೆಲ್ಲರ ವಂದನೆಗಳು. ಎರವಲು ಪಡೆದ ವಸ್ತುಗಳನ್ನು ಬರುವ ಭಾನುವಾರದಿಂದ ನಾವೇ ಮನೆಮನೆಗೆ ತಲುಪಿಸುತ್ತೇವೆ. ಬೀಗದ ಕೈಯನ್ನು ಮಾತ್ರ ಕೊಟ್ಟವರು ಹಿಂದಕ್ಕೆ ಬೇಡವೆಂದಿದ್ದಾರೆ. ಅದು ಒಳಬಾಗಿಲ ಪಕ್ಕದ ಗೋಡೆಯಲ್ಲಿ, ನೀರು ತಾಗದ ಕಡೆ ಇರುತ್ತದೆ.