ಅವರಿಗೂ ಒಬ್ರು ಇಷ್ಟ ಆಗ್ತಾರೆ

ಸಂಪಾದಕರೇ ನಮಸ್ಕಾರ,

ಬೌದ್ಧಿಕ ಅಂಗವೈಕಲ್ಯ ಇರೋ ಮಕ್ಕಳೂ ಬೆಳೆದು ದೊಡ್ಡವರಾಗ್ತಾರೆ, ಅವರಿಗೂ ಯಾರೋ ಒಬ್ರು ಇಷ್ಟ ಆಗ್ತಾರೆ, ಇದನ್ನ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಮಾತಾಡಲ್ಲ. ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್, ವಯಸ್ಸು ಮೂವತ್ತರ ಹತ್ರ, ಒಂದು ಸೆಂಟರ್‌ನಲ್ಲಿ ಪೇಪರ್ ಕವರ್ ಅಂಟಿಸ್ತಾನೆ. ಪಕ್ಕ ಕೂರೋ ಹುಡುಗಿಗೆ ಅಂತ ದಿನಾ ಡಬ್ಬಿಲಿ ಒಂದು ಕೋಡುಬಳೆ ಎತ್ತಿಡ್ತಿದ್ದ, ಅವಳು ಬರದಿದ್ದ ದಿನ ತಾನೂ ತಿನ್ನದೆ ಹಾಗೇ ವಾಪಸ್ ತರ್ತಿದ್ದ. ಇಬ್ರೂ ಕೈ ಹಿಡ್ಕೊಂಡ್ರು ಅಂತ ಬ್ಯಾಚ್ ಬೇರೆ ಮಾಡಿಬಿಟ್ರು, ಯಾಕೆ ಅಂತ ಅವನಿಗೆ ಹೇಳಿದವರೇ ಇಲ್ಲ, ನಾನೇನ್ ತಪ್ಪು ಮಾಡ್ದೆ ಅಕ್ಕಾ ಅಂತ ಈಗ್ಲೂ ಕೇಳ್ತಾನೆ.

ಹೆತ್ತವರ ಭಯ ಸುಳ್ಳಲ್ಲ, ಅದರಲ್ಲೂ ಹೆಣ್ಣುಮಕ್ಕಳ ಅಮ್ಮಂದಿರದು. ಆದ್ರೆ ಮೈ ಬಗ್ಗೆ, ಒಪ್ಪಿಗೆ ಬಗ್ಗೆ, ಬೇಡ ಅನ್ನೋದರ ಬಗ್ಗೆ ಏನೂ ಹೇಳಿಕೊಡದಿದ್ರೆ ಯಾರಾದ್ರೂ ಕೆಟ್ಟದಾಗಿ ಮುಟ್ಟಿದಾಗ ಅದನ್ನ ಅವರು ಹೇಗೆ ಹೇಳ್ತಾರೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಸಂತಾನ, ಕುಟುಂಬ ಯೋಜನೆ ಬಗ್ಗೆ ಇವರಿಗೆ ಮಾಹಿತಿ ಸಿಗೋ ಹಾಗೆ ಸರ್ಕಾರ ನೋಡ್ಕೋಬೇಕು, ಇವರ ಒಪ್ಪಿಗೆ ಇಲ್ದೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡೋ ಹಾಗಿಲ್ಲ. ವಿಕಲಚೇತನರ ಹಕ್ಕುಗಳ ಬಗ್ಗೆ ಭಾರತ 2007ರಲ್ಲೇ ಒಪ್ಪಿಕೊಂಡ ವಿಶ್ವಸಂಸ್ಥೆ ಒಪ್ಪಂದದ 23ನೇ ವಿಧಿಯಲ್ಲಿ ಮದುವೆ, ಸಂಸಾರದ ಹಕ್ಕೂ ಇದೆ. ವಿಶೇಷ ಶಾಲೆಗಳಲ್ಲಿ, ಟ್ರೇನಿಂಗ್ ಸೆಂಟರ್‌ಗಳಲ್ಲಿ ಇದನ್ನೆಲ್ಲ ಚಿತ್ರ ಇಟ್ಕೊಂಡು ಸುಲಭ ಕನ್ನಡದಲ್ಲಿ ಹೇಳಿಕೊಡೋ ಟೀಚರ್‌ಗಳು ಬೇಕು, ಹೆತ್ತವರನ್ನೂ ಜೊತೆಗೆ ಕೂರಿಸ್ಕೊಂಡು. ಸಂಬಂಧಪಟ್ಟ ಇಲಾಖೆಯವರು ದಯವಿಟ್ಟು ಈ ವರ್ಷವೇ ಶುರು ಮಾಡಿ.

– ಒಬ್ಬ ಅಕ್ಕ, ಮೈಸೂರು