ನಷ್ಟ ಯಾರ ಲೆಕ್ಕಕ್ಕೆ?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ‘ರಿಸ್ಕ್ ಯಾರು ತಗೋತಾರೋ ಲಾಭ ಅವರದ್ದು, ಅದರಲ್ಲಿ ತಪ್ಪೇನು?’ ಅಂತ ನೀನು ಕೇಳಿದೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ರಾತ್ರಿ ಅದೇ ತಲೆಯಲ್ಲಿ ಸುತ್ತಿತು, ಅದಕ್ಕೇ ಬರೆಯಲು ಕೂತೆ.

ಬಂಡವಾಳಶಾಹಿಯಿಂದ ಏನೂ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳಲಾರೆ. 1990ರಲ್ಲಿ ಜಗತ್ತಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಕಡುಬಡತನದಲ್ಲಿದ್ದರು. 2019ರ ಹೊತ್ತಿಗೆ ಆ ಪಾಲು ಹತ್ತರಲ್ಲೊಂದರ ಆಸುಪಾಸಿಗೆ ಇಳಿದಿತ್ತು. ಅದರಲ್ಲಿ ವ್ಯಾಪಾರ, ಬಂಡವಾಳಗಳ ಕೊಡುಗೆ ದೊಡ್ಡದು. ಲಾಭ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ ಕಣೋ. ನನ್ನನ್ನು ಕಾಡುವುದು ನಷ್ಟದ ಲೆಕ್ಕ.

1833ರಲ್ಲಿ ಬ್ರಿಟನ್ ತನ್ನ ಬಹುಪಾಲು ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು ತಂದಿತು. ಜೊತೆಗೆ 2 ಕೋಟಿ ಪೌಂಡ್ ಪರಿಹಾರವನ್ನೂ ಘೋಷಿಸಿತು. ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಅದು ಸುಮಾರು ಶೇ. 40. ಪರಿಹಾರ ಸಿಕ್ಕಿದ್ದು ಯಾರಿಗೆ ಗೊತ್ತಾ? ಮಾಲೀಕರಿಗೆ. ಅವರ ‘ಆಸ್ತಿ’ ಕೈತಪ್ಪಿತಲ್ಲ! ಜೀವಮಾನವಿಡೀ ಕೂಲಿಯಿಲ್ಲದೆ ದುಡಿದವರಿಗೆ ಒಂದು ಕಾಸೂ ಬರಲಿಲ್ಲ. ಬದಲಿಗೆ ‘ಅಪ್ರೆಂಟಿಸ್’ ಎಂಬ ಹೊಸ ಹೆಸರು ಹೊತ್ತು, ಅವರಲ್ಲಿ ಹೆಚ್ಚಿನವರು 1838ರವರೆಗೆ ಅದೇ ಮಾಲೀಕರ ಬಳಿ ದುಡಿಯಬೇಕಾಯಿತು. ಆ ಪರಿಹಾರಕ್ಕೆಂದು ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಗುಲಾಮರ ಮರಿಮಕ್ಕಳ ಮಕ್ಕಳು ಬ್ರಿಟನ್ನಿನಲ್ಲಿ ಕಟ್ಟಿದ ತೆರಿಗೆಯೂ ಆ ಸಾಲಕ್ಕೆ ಹೋಗಿದೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ.

ಹೈಟಿಯದ್ದು ಇನ್ನೂ ಘೋರ. ಕೆರಿಬಿಯನ್ನಿನಲ್ಲಿ ಫ್ರಾನ್ಸಿನ ವಸಾಹತಾಗಿದ್ದು, ಗುಲಾಮರು ತಾವೇ ಬಂಡೆದ್ದು 1804ರಲ್ಲಿ ಸ್ವತಂತ್ರರಾದ ದೇಶ ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ, ತನ್ನ ಮಾಲೀಕರಿಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೇಳಿತು. ಆಮೇಲೆ ಮೊತ್ತ ಇಳಿಯಿತಾದರೂ, ಅದಕ್ಕಾಗಿ ಮಾಡಿದ ಸಾಲದ ಬಾಲ 1947ರವರೆಗೂ ಉಳಿಯಿತು.

‘ಅದೆಲ್ಲ ಹಳೆಯ ಕಾಲದ್ದು’ ಅಂತೀಯ. ಸರಿ, 2008ರ ಹಣಕಾಸು ಬಿಕ್ಕಟ್ಟಿಗೆ ಬಾ. ಅಮೆರಿಕದ ಸಂಸತ್ತು ಹಣಕಾಸು ಸಂಸ್ಥೆಗಳನ್ನು ಉಳಿಸಲು 70,000 ಕೋಟಿ ಡಾಲರ್‌ವರೆಗೆ ಮಂಜೂರು ಮಾಡಿತು. ಬ್ಯಾಂಕುಗಳು ಪಡೆದದ್ದರಲ್ಲಿ ಬಹುಪಾಲನ್ನು ಆಮೇಲೆ ಹಿಂತಿರುಗಿಸಿದವು, ಅದನ್ನೂ ಹೇಳಬೇಕು. ಆದರೆ ಕಂತು ಕಟ್ಟಲಾಗದೆ ಮನೆ ಕಳೆದುಕೊಂಡ ಹತ್ತಾರು ಲಕ್ಷ ಕುಟುಂಬಗಳಿಗೆ ಅಂಥ ಆಸರೆ ಸಿಗಲಿಲ್ಲ.

ರಿಸ್ಕ್ ಅಂದೆಯಲ್ಲ, ಅದನ್ನೇ ನೋಡೋಣ. ಕಂಪನಿ ಮುಳುಗಿದರೆ ಷೇರುದಾರ ಹಾಕಿದ ದುಡ್ಡಷ್ಟೇ ಹೋಗುತ್ತದೆ, ಅವನ ಮನೆಮಠಕ್ಕೆ ಯಾರೂ ಕೈಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 1855ರ ಕಾನೂನು ಈ ರಕ್ಷಣೆ ಕೊಟ್ಟಿತು. ಒಳ್ಳೆಯ ಕಾನೂನೇ, ಸಣ್ಣ ಉಳಿತಾಯದವರೂ ದೊಡ್ಡ ಉದ್ಯಮಕ್ಕೆ ಹಣ ಹಾಕುವ ಧೈರ್ಯ ಮಾಡಿದ್ದು ಅದರಿಂದ. ಅಲ್ಲದೆ ಹಣವನ್ನು ಇಪ್ಪತ್ತು ಕಡೆ ಹಂಚಿಡಬಹುದು. ದುಡಿಯುವವನು ತನ್ನನ್ನು ಇಪ್ಪತ್ತು ಕಡೆ ಹಂಚಿಕೊಳ್ಳುವುದು ಹೇಗೆ? ಅವನಿಗಿರುವುದು ಒಂದೇ ದೇಹ, ಒಂದೇ ಕೆಲಸ. 2021ರ ಅಂದಾಜಿನಂತೆ ಜಗತ್ತಿನ ಕೆಳಗಿನ ಅರ್ಧದಷ್ಟು ಜನರ ಬಳಿ ಇದ್ದದ್ದು ಒಟ್ಟು ಸಂಪತ್ತಿನ ಶೇ. 2 ಮಾತ್ರ. ಬಿದ್ದರೆ ಕೈಯೂರಿ ಏಳಲೂ ಅವರಿಗೆ ಏನೂ ಇಲ್ಲ.

ನಾನು ಒಂಬತ್ತು ವರ್ಷ ದುಡಿದ ಕಂಪನಿ ಬಾಗಿಲು ಹಾಕಿದ್ದು ನಿನಗೆ ನೆನಪಿದೆ. ಕೊನೆಯ ಮೂರು ತಿಂಗಳ ಸಂಬಳ ಕೇಳಲು ಹೋದರೆ, ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿ ತೋರಿಸಿದರು. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು ಮೇಲೆ, ನಾವು ಕೆಳಗೆ. ನಮ್ಮ ಸರದಿ ಬರುವಷ್ಟರಲ್ಲಿ ದುಡ್ಡು ಮುಗಿದಿತ್ತು. ರಾಜಕೀಯವೇ ಬೇರೆ, ಅರ್ಥಶಾಸ್ತ್ರವೇ ಬೇರೆ ಅಂತ ನೀನು ಹೇಳಿದಾಗಲೆಲ್ಲ ನನಗೆ ಆ ಪಟ್ಟಿ ಕಣ್ಣಿಗೆ ಕಟ್ಟುತ್ತದೆ. ಯಾರ ಹೆಸರು ಮೊದಲು, ಯಾರದ್ದು ಆಮೇಲೆ ಎಂಬುದನ್ನು ಎಲ್ಲೋ ಒಂದು ಸಭೆಯಲ್ಲಿ ಕೂತು ಜನ ಕೈಯೆತ್ತಿ ತೀರ್ಮಾನಿಸಿರುತ್ತಾರೆ. ಬೇಕೆಂದರೆ ಅದನ್ನು ತಿದ್ದಲೂಬಹುದು.

ಆ ಮೂರು ತಿಂಗಳು ನನ್ನ ಮನೆ ನಡೆದದ್ದು ನಿನ್ನ ದುಡ್ಡಿನಲ್ಲಿ. ಒಂದು ಚೀಟಿ ಬರೆಸಿಕೊಳ್ಳಲಿಲ್ಲ, ಬಡ್ಡಿಯ ಮಾತೆತ್ತಲಿಲ್ಲ ನೀನು. ಈಗ ನೀನೇ ಆರು ಜನರಿಗೆ ಸಂಬಳ ಕೊಡುವವನಾಗಿದ್ದೀಯ. ನಿನ್ನ ಉದ್ಯಮ ಬೆಳೆಯಲಿ, ನಾನು ಮನಸಾರೆ ಬಯಸುತ್ತೇನೆ. ಆದರೂ ಸಿಟ್ಟಾಗದೆ ಹೇಳು: ಎಂದಾದರೂ ಬಾಗಿಲು ಹಾಕಬೇಕಾಗಿ ಬಂದರೆ, ನಿನ್ನ ಪಟ್ಟಿಯಲ್ಲಿ ಆ ಆರು ಹೆಸರು ಎಷ್ಟನೇ ಸಾಲಿನಲ್ಲಿರುತ್ತವೆ?

ಇಂತಿ,
ನಿನ್ನ ಗೆಳೆಯ