ಅಪ್ಪನಿಗೆ ಲಕ್ವಾ ಆಗಿತ್ತೇ ಎಂದೂ ಕೇಳಿ

ಮಾನ್ಯ ಸಂಪಾದಕರೇ,

ಮುಖ ಸೊಟ್ಟಗಾದರೆ, ಒಂದು ಕೈ ಸೋತು ಬಿದ್ದರೆ, ಮಾತು ತೊದಲಿದರೆ ಅದು ಲಕ್ವಾ (ಪಾರ್ಶ್ವವಾಯು) ಇರಬಹುದು, ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂದು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಅದನ್ನು ಕತ್ತರಿಸಿ ನಮ್ಮೂರ ಅಂಗನವಾಡಿ ಗೋಡೆಗೆ ಅಂಟಿಸಿದ್ದೇನೆ. ಆದರೆ ಲಕ್ವಾ ಆದವರ ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು ಏನು ಮಾಡಬೇಕು ಎಂಬುದು ಅದರಲ್ಲಿ ಬಂದಿಲ್ಲ. ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಮನೆ ಮನೆ ತಿರುಗುವಾಗ ಕಂಡದ್ದನ್ನು ಬರೆಯುತ್ತಿದ್ದೇನೆ.

30 ವರ್ಷ ತುಂಬಿದ ಪ್ರತಿಯೊಬ್ಬರ ಹೆಸರಿನಲ್ಲೂ ನಾವು ಒಂದು ಫಾರಂ ತುಂಬುತ್ತೇವೆ. ಬಿಪಿ, ಶುಗರ್‌ನಂಥ ಕಾಯಿಲೆಯ ಅಪಾಯ ಯಾರಿಗೆ ಹೆಚ್ಚು ಎಂದು ತಿಳಿಯಲು ಇರುವ ಇದನ್ನು ಸಿಬ್ಯಾಕ್ ಫಾರಂ ಎನ್ನುತ್ತೇವೆ. ವಯಸ್ಸಿಗಿಷ್ಟು, ತಂಬಾಕಿಗಿಷ್ಟು, ದಿನಾ ಕುಡಿಯುವುದಕ್ಕಿಷ್ಟು, ಸೊಂಟದ ಸುತ್ತಳತೆಗಿಷ್ಟು ಎಂದು ಅಂಕ ಇರುತ್ತದೆ. ಕೂಡಿಸಿದಾಗ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಅದರಲ್ಲೇ ಮನೆತನದ ಪ್ರಶ್ನೆಯೂ ಒಂದಿದೆ: ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯೇ? ಹೌದು ಎಂದರೆ 2 ಅಂಕ. ಲಕ್ವಾದ ಹೆಸರು ಈ ಪ್ರಶ್ನೆಯಲ್ಲಿಲ್ಲ.

ಇದರಿಂದ ಏನಾಗುತ್ತದೆ ನೋಡಿ. ಮೊನ್ನೆ ತೊಗರಿ ರಾಶಿ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತಿದ್ದ ತಮ್ಮನೊಬ್ಬನ ಫಾರಂ ತುಂಬುತ್ತಿದ್ದೆ. ವಯಸ್ಸು 36. ಅದಕ್ಕೆ 1. ಬಾಯಲ್ಲಿ ಗುಟ್ಕಾ, ದಿನಾಲೂ. ಅದಕ್ಕೆ 2. ಕುಡಿಯುವುದಿಲ್ಲ. ಟೇಪು ಹಿಡಿದರೆ ಸೊಂಟ 86 ಸೆಂಟಿಮೀಟರ್, ಹೊಲದಲ್ಲಿ ದುಡಿಯುವ ಮೈ. ಎರಡಕ್ಕೂ ಸೊನ್ನೆ.

"ನಿಮ್ಮ ಮನ್ಯಾಗ ಯಾರಿಗರೆ ಬಿಪಿ, ಶುಗರ್, ಹಾರ್ಟಿನ ಬ್ಯಾನಿ ಅದಾ ತಮ್ಮಾ?"

"ಯಾರಿಗೂ ಏನೂ ಇಲ್ಲಕ್ಕ."

"ಅಪ್ಪ ಹ್ಯಾಂಗ ತೀರಿಕೊಂಡ್ರು?"

"ಲಕ್ವಾ ಹೊಡೀತಲ್ಲ. ಗಾಳಿ ಬಡದಿತ್ತು. ಎರಡು ವರ್ಷ ಹಾಸಿಗಿ ಮ್ಯಾಲೇ ಇದ್ದ. ಕಾಕಾಗೂ ಹಂಗೇ ಆತು."

ಫಾರಂ ಪ್ರಕಾರ ಅವನ ಅಂಕ 3. ಅವಸರವಿಲ್ಲದವರ ಸಾಲಿಗೆ ಹೋಗುತ್ತಾನೆ. ಅಪ್ಪನ ಲಕ್ವಾವನ್ನು ಲೆಕ್ಕಕ್ಕೆ ಹಿಡಿದರೆ 5, ಮೊದಲು ಹೋಗಬೇಕಾದವರ ಸಾಲು. ನಾನು ಅಂಚಿನಲ್ಲಿ ಪೆನ್ನಿನಿಂದ ಬರೆದು ಅವನನ್ನು ಅಂದೇ ಉಪಕೇಂದ್ರಕ್ಕೆ ಕರೆದುಕೊಂಡು ಹೋದೆ. ಬಿಪಿ 168/104. ತಲೆನೋವಿಲ್ಲ, ತಲೆಸುತ್ತಿಲ್ಲ, ಎರಡು ಚೀಲ ತೊಗರಿ ಹೊತ್ತು ಹಾಕಿ ಬಂದ ಗಂಡಾಳು. "ಮಷಿನ್ ಕೆಟ್ಟದೇನೋ ನೋಡ್ರಿ" ಎಂದ. ಮತ್ತೊಂದು ದಿನ ನೋಡಿದಾಗಲೂ ಕಡಿಮೆ ಇರಲಿಲ್ಲ. ಈಗ ಮಾತ್ರೆ ತಗೊಳ್ಳುತ್ತಿದ್ದಾನೆ, ಗುಟ್ಕಾ ಬಿಟ್ಟಿಲ್ಲ.

ಅವರಪ್ಪನಿಗೆ ಬಿಪಿ "ಇರಲಿಲ್ಲ" ಎಂದರೆ ಯಾರೂ ಅಳೆದು ನೋಡಿರಲಿಲ್ಲ ಎಂದಷ್ಟೇ ಅರ್ಥ. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೂ ಲಕ್ವಾ, ಒಡೆದರೂ ಲಕ್ವಾ. ಎರಡರ ಹಿಂದೆಯೂ ಹೆಚ್ಚಾಗಿ ಇರುವುದು ಈ ಬಿಪಿಯೇ. ಊರಲ್ಲಿ ಗಾಳಿ ಬಡಿಯಿತು ಎನ್ನುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಪಾರಿವಾಳದ ರಕ್ತ ಹಚ್ಚಿಸುವವರೂ ಇದ್ದಾರೆ. ಗಾಳಿ ಯಾರಿಗೆ ಬೇಕಾದರೂ ಬಡಿಯಬಹುದಲ್ಲ, ಹಾಗಾಗಿ ಮಗ ತನ್ನ ಬಿಪಿ ನೋಡಿಸಿಕೊಳ್ಳುವ ಮಾತೇ ಬರುವುದಿಲ್ಲ.

ನನ್ನ ತವರಿನ ಕಥೆಯೂ ಬೇರೆಯಲ್ಲ. ನಮ್ಮವ್ವಗೆ 52ಕ್ಕೆ ಬಲಗೈ ಹೋಯಿತು. ರೊಟ್ಟಿ ಬಡಿಯುವ ಕೈ. ಆಮೇಲೆ ಎಡಗೈಯಲ್ಲಿ ಹಿಟ್ಟು ನಾದುವುದು ಕಲಿತಳು, ಬಡಿಯಲು ಮಾತ್ರ ಕಡೆತನಕ ಆಗಲಿಲ್ಲ. ನಮ್ಮ ಮಾಮಾಗೆ ಅವ್ವನಿಗಿಂತ ಮೊದಲೇ ಆಗಿತ್ತು. ನರ್ಸಿಂಗ್ ಓದುವ ನನ್ನ ತಮ್ಮನ ಮಗಳು ಒಂದು ದಿನ ಫೋನಿನಲ್ಲಿ ಓದಿ ಹೇಳಿದಳು: ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಲ್ಲಿ 1948ರಿಂದ ಮನೆತನಗಳನ್ನು ತಲೆಮಾರುಗಟ್ಟಲೆ ಗಮನಿಸುತ್ತ ಬಂದಿದ್ದಾರಂತೆ. ತಂದೆಗೋ ತಾಯಿಗೋ 65ರೊಳಗೆ ಲಕ್ವಾ ಆಗಿದ್ದರೆ ಮಕ್ಕಳಿಗೆ ಆಗುವ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು ಅಲ್ಲಿನವರು 2010ರಲ್ಲಿ ಹೇಳಿದರು. ಅಂದಿನಿಂದ ನಾನು ಲಕ್ವಾ ಆಯಿತೇ ಎಂದು ಕೇಳಿ ಬಿಡುವುದಿಲ್ಲ, ಎಷ್ಟನೇ ವಯಸ್ಸಿಗೆ ಎಂದೂ ಕೇಳುತ್ತೇನೆ. 85ರ ಮುತ್ಯಾನಿಗೆ ಆದದ್ದಕ್ಕೂ 50ರ ಅಪ್ಪನಿಗೆ ಆದದ್ದಕ್ಕೂ ವ್ಯತ್ಯಾಸವಿದೆ. ವಯಸ್ಸು ನಮ್ಮ ಕಡೆ ಯಾರಿಗೂ ನೆನಪಿರುವುದಿಲ್ಲ, ನಿಜ. "ಕಿಲ್ಲಾರಿ ಭೂಕಂಪ ಆದ ವರ್ಷ ನಮ್ಮಪ್ಪಗ ನಾ ಹುಟ್ಟಿದೆ, ಆಗ ಅವಗ ಇಪ್ಪತ್ತೈದಿರಬೇಕು" ಎನ್ನುತ್ತಾರೆ. ಅದು 1993. ಅಲ್ಲಿಂದ ಕೂಡಿಸಿ ಕಳೆದು ಹೇಗೋ ಲೆಕ್ಕ ಸಿಗುತ್ತದೆ.

ಹಾಗೆಂದು ಮನೆತನದಲ್ಲಿ ಲಕ್ವಾ ಇದ್ದರೆ ನನಗೂ ಬಂದೇ ಬರುತ್ತದೆ ಎಂದು ತಿಳಿಯಬಾರದು. 22 ದೇಶಗಳಲ್ಲಿ ನಡೆದ, ನಮ್ಮ ದೇಶದವರೂ ಇದ್ದ ಒಂದು ಅಧ್ಯಯನದಲ್ಲಿ, ಲಕ್ವಾದ ಅಪಾಯದ ನೂರಕ್ಕೆ ಸುಮಾರು 90 ಪಾಲು ಹತ್ತು ಕಾರಣಗಳಲ್ಲೇ ಇದೆ, ಮೊದಲ ಕಾರಣ ಬಿಪಿ ಎಂದು ಕಂಡುಬಂದಿದೆ. ಬೀಡಿ ಸಿಗರೇಟು, ಶುಗರ್, ಊಟ, ಸೊಂಟದ ಬೊಜ್ಜು ಎಲ್ಲ ಆ ಪಟ್ಟಿಯಲ್ಲಿವೆ. ಹೆಚ್ಚಿನವು ನಮ್ಮ ಕೈಯಲ್ಲಿರುವಂಥವೇ. ಒಂದೇ ವಂಶವಾಹಿ ಕೆಟ್ಟು ಅದರಿಂದಲೇ ಲಕ್ವಾ ಬರುವ ಮನೆತನಗಳೂ ಇವೆ, ಆದರೆ ಬಲು ಅಪರೂಪ. ಅಂಥ ಒಂದು ಕಾಯಿಲೆಯಲ್ಲಿ ಮೊದಲು ಅರೆತಲೆಶೂಲೆ ಶುರುವಾಗಿ, 40-50ರ ಆಸುಪಾಸಿಗೇ ಲಕ್ವಾ ಆಗುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಿಪಿಯಿಲ್ಲದ, ತಂಬಾಕು ಮುಟ್ಟದ ಹರೆಯದವರಿಗೆ ಒಂದೇ ಮನೆಯಲ್ಲಿ ಮೇಲಿಂದ ಮೇಲೆ ಹೀಗಾದರೆ ನರರೋಗ ತಜ್ಞರಿಗೇ ತೋರಿಸಬೇಕು. ಉಳಿದ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ರಕ್ತದ ಜೊತೆ ಉಪ್ಪಿನ ಡಬ್ಬಿಯೂ ಬಂದಿರುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯಷ್ಟು ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನೆನೆಸಿಕೊಂಡರೆ ನಗು ಬರುತ್ತದೆ. ಮಿರ್ಚಿ ಭಜಿಯ ಮಾತು ಎತ್ತುವುದೇ ಬೇಡ.

ಇನ್ನು ಹೆಣ್ಣುಮಕ್ಕಳ ವಿಷಯ. ಫಾರಂ ತುಂಬುವುದು ಗಂಡನ ಮನೆಯ ಪಡಸಾಲೆಯಲ್ಲಿ, ಅತ್ತೆ ಎದುರಿಗೆ ಕುಳಿತಿರುತ್ತಾರೆ. "ನಿಮ್ಮ ತವರಾಗ ಯಾರಿಗರೆ ಲಕ್ವಾ?" ಎಂದು ಕೇಳಿದರೆ ಸೊಸೆ ಮೊದಲು ಅತ್ತೆಯ ಮುಖ ನೋಡುತ್ತಾಳೆ. ಆಮೇಲೆ "ಇಲ್ರಿ" ಎನ್ನುತ್ತಾಳೆ. ಮದುವೆಗಿರುವ ತಂಗಿ ಮನೆಯಲ್ಲಿದ್ದರಂತೂ ಮುಗಿಯಿತು. ಆ ಮನೆತನದಲ್ಲಿ ಲಕ್ವಾ ಇದೆ ಎಂಬ ಮಾತು ಊರಿಂದ ಊರಿಗೆ ಹೋದರೆ ಬಂದ ವರ ಹಿಂದೆ ಹೋಗುತ್ತದೆ ಎಂಬ ಭಯ. ಅದು ಸುಳ್ಳು ಭಯವೂ ಅಲ್ಲ, ಮಾತುಕತೆಗೆ ಕೂತ ಹಿರಿಯರು ಹಾಗೆ ಕೇಳಿದ್ದನ್ನು ನಾನೇ ನೋಡಿದ್ದೇನೆ. ಹೀಗಾಗಿ ಸೊಸೆಯಂದಿರನ್ನು ನಾನು ಮನೆಯಲ್ಲಿ ಕೇಳುವುದೇ ಇಲ್ಲ. ಕೂಸಿಗೆ ಲಸಿಕೆ ಹಾಕಿಸಲು ಗುರುವಾರ ಅಂಗನವಾಡಿಗೆ ಬರುತ್ತಾರಲ್ಲ, ಆಗ ಪಕ್ಕಕ್ಕೆ ಕರೆದು ಕೇಳುತ್ತೇನೆ. ಅಲ್ಲಿ ಎಲ್ಲ ಹೇಳುತ್ತಾರೆ. ಬಸುರಿಯಾಗಿದ್ದಾಗ ಬಿಪಿ ಏರಿದ್ದವರು ಹೆರಿಗೆಯ ನಂತರ ನೋಡಿಸಿಕೊಂಡಿರುವುದೇ ಇಲ್ಲ, ಅದೂ ಹೊರಗೆ ಬರುತ್ತದೆ. ಅವರಿಗೂ ಮುಂದೆ ಲಕ್ವಾದ ಅಪಾಯ ಹೆಚ್ಚು. ಫಾರಂ ಎಲ್ಲಿ ಕುಳಿತು ತುಂಬಬೇಕು ಎಂಬುದನ್ನೂ ತರಬೇತಿಯಲ್ಲಿ ಹೇಳಿದರೆ ಹೊಸ ಆಶಾಗಳಿಗೆ ಅನುಕೂಲ. (ನಮ್ಮ ಗೌರವಧನದ ಮಾತು ಇನ್ನೊಂದು ಪತ್ರಕ್ಕಿರಲಿ.)

ಆಸ್ಪತ್ರೆಗಳಿಗೂ ಒಂದು ಮನವಿ. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಜಯದೇವದ 371 ಹಾಸಿಗೆಯ ಹೊಸ ಕಟ್ಟಡ ಶುರುವಾದ ಮೇಲೆ ಎದೆನೋವಾದರೆ ಎಲ್ಲಿಗೆ ಓಡಬೇಕೆಂದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಾಗಿದೆ. ಲಕ್ವಾದ ವಿಷಯದಲ್ಲಿ ಆ ತಿಳಿವಳಿಕೆ ಇನ್ನೂ ಬರಬೇಕು. ರಕ್ತ ಹೆಪ್ಪುಗಟ್ಟಿ ಆದದ್ದಾದರೆ ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. 108ಕ್ಕೆ ಫೋನ್ ಮಾಡುವಾಗ, ರೋಗಿ ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಮನೆಯವರು ನೆನಪಿಟ್ಟುಕೊಳ್ಳಬೇಕು. ನನ್ನ ಮನವಿ ಅದರ ಮುಂದಿನದು. ಲಕ್ವಾ ರೋಗಿ ಡಿಸ್ಚಾರ್ಜ್ ಆಗುವ ದಿನ ಮಕ್ಕಳು, ತಮ್ಮಂದಿರು ಎಲ್ಲ ವಾರ್ಡಿನ ಹೊರಗೆ ನಿಂತಿರುತ್ತಾರೆ. ಮುಂಬಯಿ, ಪುಣೆಗೆ ದುಡಿಯಲು ಹೋದವರೂ ಬಂದಿರುತ್ತಾರೆ. ಅಲ್ಲೇ ಅವರ ಬಿಪಿ, ಶುಗರ್ ನೋಡಿ, ಡಿಸ್ಚಾರ್ಜ್ ಚೀಟಿಯ ಕೆಳಗೆ "ಒಡಹುಟ್ಟಿದವರು, ಮಕ್ಕಳು ಪ್ರತಿ ವರ್ಷ ಬಿಪಿ ನೋಡಿಸಿಕೊಳ್ಳಬೇಕು" ಎಂದು ಕನ್ನಡದಲ್ಲಿ ಒಂದು ಸಾಲು ಬರೆದರೆ ಸಾಕು. ವಾರ ಕಳೆದರೆ ಅವರು ನಮಗೆ ಸಿಗುವುದಿಲ್ಲ, ಯಾವುದೋ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾರೆ.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಜಾಥಾ, ಬ್ಯಾನರ್ ಮಾಡುವವರು ಅದರ ಬದಲು ಒಂದೊಂದು ಉಪಕೇಂದ್ರಕ್ಕೆ ದಪ್ಪ ತೋಳಿಗೂ ಸಾಲುವ ದೊಡ್ಡ ಪಟ್ಟಿ ಇರುವ ಬಿಪಿ ಮಷಿನ್ ಕೊಡಿಸಲಿ. ಸಣ್ಣ ಪಟ್ಟಿಯನ್ನು ದಪ್ಪ ತೋಳಿಗೆ ಬಿಗಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಜನ ಮಷಿನ್ನನ್ನೇ ನಂಬುವುದಿಲ್ಲ. ಈ ಪತ್ರವನ್ನು ಸಾಧ್ಯವಾದರೆ ಜಿಲ್ಲಾ ಪುಟದಲ್ಲೇ ಹಾಕಿ. ಹೋಟೆಲಿನಲ್ಲಿ ಚಹಾ ಕುಡಿಯುತ್ತ ಜನ ಮೊದಲು ತೆಗೆಯುವುದು ಅದನ್ನೇ.

— ಒಬ್ಬ ಆಶಾ ಕಾರ್ಯಕರ್ತೆ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ